ಸುಂಕ ಕಟ್ಟುವವರು ಯಾರು?

1960ರ ದಶಕದ ಶುರುವಿನಲ್ಲಿ ಪಶ್ಚಿಮ ಜರ್ಮನಿಯ ಮಾರುಕಟ್ಟೆಗೆ ಅಮೆರಿಕದ ಕೋಳಿ ಬಂತು. ದೊಡ್ಡ ದೊಡ್ಡ ಫಾರ್ಮ್‌ಗಳಲ್ಲಿ ಬೆಳೆದ ಕೋಳಿ, ಬೆಲೆ ಅಗ್ಗ. ಜನ ಮುಗಿಬಿದ್ದು ಕೊಂಡರು. ಅಲ್ಲಿನ ಕೋಳಿ ಸಾಕುವವರು ಕಂಗಾಲಾದರು. 1962ರಲ್ಲಿ ಯುರೋಪಿನ ಆರ್ಥಿಕ ಸಮುದಾಯ ಹೊರಗಿನ ಕೋಳಿಯ ಮೇಲೆ ಸುಂಕ ಏರಿಸಿತು. ಅಮೆರಿಕದ ಮಾರಾಟ ಬಿದ್ದುಹೋಯಿತು. ಮಾತುಕತೆ ನಡೆಯಿತು, ಏನೂ ಗಿಟ್ಟಲಿಲ್ಲ. 1963ರ ಡಿಸೆಂಬರಿನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ತಿರುಗಿ ಏಟು ಕೊಟ್ಟರು. ಆಲೂಗಡ್ಡೆಯ ಪಿಷ್ಟ, ಪಿಷ್ಟದಿಂದ ತಯಾರಾಗುವ ಡೆಕ್ಸ್‌ಟ್ರಿನ್, ಬ್ರಾಂಡಿ ಮತ್ತು ಸಣ್ಣ ಟ್ರಕ್ಕುಗಳ ಮೇಲೆ ಸುಂಕ ಹಾಕಿದರು. ಟ್ರಕ್ಕಿಗೆ ಶೇ. 25. ಗುರಿ ಇದ್ದದ್ದು ಜರ್ಮನಿಯ ಫೋಕ್ಸ್‌ವ್ಯಾಗನ್ ವ್ಯಾನಿನ ಮೇಲೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುತ್ತಾರಲ್ಲ, ಹಾಗೆ.

ಉಳಿದ ಮೂರರ ಸುಂಕ ಆಮೇಲೆ ಹೋಯಿತು. ಟ್ರಕ್ಕಿನದು ಹೋಗಲಿಲ್ಲ. ಅರವತ್ತು ವರ್ಷ ದಾಟಿದರೂ ಇದೆ. ಜರ್ಮನಿಗೆ ಅಂತ ಹಾಕಿದ್ದು ಜಪಾನಿಗೂ ತಗುಲಿತು, ಬೇರೆಯವರಿಗೂ ತಗುಲಿತು. ಕೋಳಿಯ ಜಗಳ ಯಾವತ್ತೋ ಮುಗಿದಿದೆ. ಆದರೆ ಆ ಸುಂಕದ ನೆರಳಲ್ಲಿ ಒಂದು ಇಡೀ ಉದ್ಯಮ ಬೆಳೆದು ನಿಂತಿದೆ. ಈಗ ಅದನ್ನು ತೆಗೆಯೋಣ ಅಂದರೆ ಕಂಪನಿಗಳೂ ಒಪ್ಪುವುದಿಲ್ಲ, ಅಲ್ಲಿನ ಕಾರ್ಮಿಕರೂ ಒಪ್ಪುವುದಿಲ್ಲ. ಅವರ ಕಡೆಯಿಂದ ನೋಡಿದರೆ ಅದು ಸಹಜ ಕೂಡ.

ಈ ಕಥೆಗೆ ಇನ್ನೊಂದು ತಿರುವು ಇದೆ. ಅಮೆರಿಕದ್ದೇ ಕಂಪನಿ ಫೋರ್ಡ್ ಒಂದು ಸಣ್ಣ ವ್ಯಾನನ್ನು ಟರ್ಕಿಯಲ್ಲಿ ತಯಾರಿಸಿ ತನ್ನ ದೇಶಕ್ಕೆ ತರುತ್ತಿತ್ತು. ಸರಕು ಸಾಗಿಸುವ ವ್ಯಾನ್ ಆದರೆ ಶೇ. 25 ಸುಂಕ. ಜನ ಕೂರುವ ಗಾಡಿ ಆದರೆ ಶೇ. 2.5. ಹಾಗಾಗಿ ಹಿಂದಿನ ಸೀಟುಗಳನ್ನು ಹಾಕಿ, ಕಿಟಕಿ ಇಟ್ಟು, ಪ್ರಯಾಣಿಕರ ಗಾಡಿ ಅಂತ ಬಂದರಿನಲ್ಲಿ ಇಳಿಸುವುದು. ಇಳಿಸಿದ ಮೇಲೆ ಸೀಟು ಕಿತ್ತು, ಹಿಂದಿನ ಕಿಟಕಿಗೆ ಲೋಹದ ತಗಡು ಹಾಕಿ, ಸರಕಿನ ವ್ಯಾನ್ ಅಂತ ಮಾರುವುದು. ಇದರ ಬಗ್ಗೆ ಸರ್ಕಾರದ ಜೊತೆ ವ್ಯಾಜ್ಯ ವರ್ಷಗಟ್ಟಲೆ ಕೋರ್ಟಿನಲ್ಲಿ ನಡೆಯಿತು. 2024ರಲ್ಲಿ ಕಂಪನಿ ತಪ್ಪು ಒಪ್ಪಿಕೊಳ್ಳದೆ 36.5 ಕೋಟಿ ಡಾಲರ್ ಕಟ್ಟಿ ರಾಜಿ ಮಾಡಿಕೊಂಡಿತು. ಹೊಸ ಸೀಟುಗಳನ್ನು ಮಾಡಿಸಿ, ಸಮುದ್ರ ದಾಟಿಸಿ, ಕಿತ್ತು ಹಾಕುವ ಕೆಲಸಕ್ಕೆ ಎಷ್ಟು ಜನರ ದುಡಿಮೆ ಹೋಗಿರಬೇಕು ಯೋಚಿಸಿ. ಅದರಿಂದ ಒಬ್ಬ ಕೋಳಿ ರೈತನಿಗೂ ನಯಾಪೈಸೆ ಬರಲಿಲ್ಲ.

ಮುಕ್ತ ವ್ಯಾಪಾರ ಒಳ್ಳೆಯದಾ, ಸುಂಕದ ಗೋಡೆ ಒಳ್ಳೆಯದಾ ಅಂತ ವಾದ ಶುರುವಾದಾಗಲೆಲ್ಲ ನನಗೆ ಈ ಸೀಟುಗಳು ನೆನಪಾಗುತ್ತವೆ. ಯಾಕೆಂದರೆ ವಾದ ಯಾವಾಗಲೂ ದೇಶಗಳ ಹೆಸರಲ್ಲಿ ನಡೆಯುತ್ತದೆ. ಚೀನಾ ಗೆದ್ದಿತು, ಅಮೆರಿಕ ಸೋತಿತು, ಭಾರತ ಬಗ್ಗಲಿಲ್ಲ, ಹೀಗೆ. ಆದರೆ ಸುಂಕ ಕಟ್ಟುವುದು ದೇಶ ಅಲ್ಲ. ಬಾಗಿಲು ತೆರೆದಾಗ ಕೆಲಸ ಕಳೆದುಕೊಳ್ಳುವುದೂ ದೇಶ ಅಲ್ಲ. ಎರಡೂ ಕಡೆ ಬೆಲೆ ತೆರುವವರು ಯಾರೋ ಕೆಲವರು. ಆ ತೀರ್ಮಾನ ಆಗುವ ಕೋಣೆಯಲ್ಲಿ ಅವರು ಇರುವುದೇ ಇಲ್ಲ. ನನಗೆ ಈ ವಿಷಯದಲ್ಲಿ ಮುಖ್ಯ ಅನಿಸುವುದು ಅದೊಂದೇ.

ಮುಕ್ತ ವ್ಯಾಪಾರದ ಪರವಾದ ವಾದ ಬಹಳ ಸುಂದರವಾದದ್ದು. ಅದನ್ನು ಮೊದಲು ಒಪ್ಪಿಕೊಳ್ಳಬೇಕು. 1817ರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ ಕೊಟ್ಟ ಲೆಕ್ಕ ಇದು. ಇಂಗ್ಲೆಂಡಿನಲ್ಲಿ ಒಂದಿಷ್ಟು ಬಟ್ಟೆ ತಯಾರಿಸಲು ವರ್ಷಕ್ಕೆ 100 ಜನ ಬೇಕು, ಒಂದಿಷ್ಟು ವೈನ್ ತಯಾರಿಸಲು 120 ಜನ ಬೇಕು ಅಂತ ಇಟ್ಟುಕೊಳ್ಳಿ. ಪೋರ್ಚುಗಲ್‌ನಲ್ಲಿ ಅದೇ ಬಟ್ಟೆಗೆ 90, ವೈನ್‌ಗೆ 80. ಅಂದರೆ ಎರಡರಲ್ಲೂ ಪೋರ್ಚುಗಲ್ಲೇ ಮುಂದೆ. ಹಾಗಿದ್ದ ಮೇಲೆ ಇಂಗ್ಲೆಂಡಿನಿಂದ ಏನನ್ನಾದರೂ ಯಾಕೆ ಕೊಳ್ಳಬೇಕು? ಇಲ್ಲೇ ಮಜಾ ಇರುವುದು. ಇಂಗ್ಲೆಂಡ್ ಬರೀ ಬಟ್ಟೆ ಮಾಡಲಿ, ಎರಡು ಪಾಲು. 200 ಜನ ಸಾಕು. ಪೋರ್ಚುಗಲ್ ಬರೀ ವೈನ್ ಮಾಡಲಿ, ಎರಡು ಪಾಲು. 160 ಜನ ಸಾಕು. ಅದಲು ಬದಲು ಮಾಡಿಕೊಂಡರೆ ಇಂಗ್ಲೆಂಡಿಗೆ 20 ಜನರ ದುಡಿಮೆ ಉಳಿಯುತ್ತದೆ, ಪೋರ್ಚುಗಲ್‌ಗೆ 10 ಜನರದು. ಎಲ್ಲದರಲ್ಲೂ ಹಿಂದೆ ಇರುವವನಿಗೂ ವ್ಯಾಪಾರದಲ್ಲಿ ಜಾಗ ಇದೆ, ಎಲ್ಲದರಲ್ಲೂ ಮುಂದೆ ಇರುವವನಿಗೂ ಅವನಿಂದ ಲಾಭ ಇದೆ. ಇದು ಸುಮ್ನೆ ಹೊಳೆಯುವ ಮಾತಲ್ಲ. ಕಾಗದ ಪೆನ್ನು ಹಿಡಿದು ಕೂತರೆ ಮಾತ್ರ ನಂಬಿಕೆ ಬರುತ್ತದೆ.

ಆದರೆ ಇಂಗ್ಲೆಂಡಿನ ಆ 120 ವೈನ್ ಕೆಲಸಗಾರರನ್ನು ನೋಡಿ. ಲೆಕ್ಕದಲ್ಲಿ ಅವರು ರಾತ್ರೋರಾತ್ರಿ ಮಗ್ಗದ ಮುಂದೆ ಕೂರುತ್ತಾರೆ. ಅವರ ವಯಸ್ಸೆಷ್ಟು, ಮನೆ ಎಲ್ಲಿದೆ, ಮಗ್ಗ ಇರುವ ಊರು ಎಷ್ಟು ದೂರ, ಯಾವುದೂ ಲೆಕ್ಕದಲ್ಲಿಲ್ಲ. 1941ರಲ್ಲಿ ವೋಲ್ಫ್‌ಗ್ಯಾಂಗ್ ಸ್ಟಾಲ್ಪರ್ ಮತ್ತು ಪಾಲ್ ಸ್ಯಾಮುಯೆಲ್ಸನ್ ಎಂಬ ಅರ್ಥಶಾಸ್ತ್ರಜ್ಞರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ವ್ಯಾಪಾರದಿಂದ ದೇಶದ ಒಟ್ಟು ಗಳಿಕೆ ಹೆಚ್ಚಿದರೂ ಒಳಗೆ ಒಂದು ಗುಂಪಿನ ಆದಾಯ ನಿಜಕ್ಕೂ ಇಳಿಯಬಹುದು, ಅದೂ ತಾತ್ಕಾಲಿಕವಾಗಿ ಅಲ್ಲ, ಕಾಯಂ ಆಗಿ ಅಂತ ತೋರಿಸಿದರು. ಗೆದ್ದವರು ಸೋತವರಿಗೆ ಪರಿಹಾರ ಕೊಟ್ಟರೂ ಇನ್ನೂ ಲಾಭ ಮಿಗುತ್ತದೆ ಅನ್ನುವುದು ಅರ್ಥಶಾಸ್ತ್ರದ ಸಮಾಧಾನ. ಕೊಡಬಹುದು ಅನ್ನುವುದಕ್ಕೂ ಕೊಟ್ಟರು ಅನ್ನುವುದಕ್ಕೂ ಎಷ್ಟು ಅಂತರ ಇದೆ ಅನ್ನುವುದಕ್ಕೆ ಚೀನಾದ ಅಧ್ಯಾಯಕ್ಕಿಂತ ಬೇರೆ ಸಾಕ್ಷಿ ಬೇಡ.

2001ರ ಡಿಸೆಂಬರಿನಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆಗೆ ಸೇರಿತು. ಆಮೇಲೆ ಜಗತ್ತಿನ ಪೀಠೋಪಕರಣ, ಆಟಿಕೆ, ಬಟ್ಟೆ, ಎಲೆಕ್ಟ್ರಾನಿಕ್ಸ್ ಎಲ್ಲ ಅಗ್ಗವಾಯಿತು. ನಾಲ್ಕು ದಶಕಗಳಲ್ಲಿ ಚೀನಾದಲ್ಲಿ ಸುಮಾರು 80 ಕೋಟಿ ಜನ ಕಡುಬಡತನದಿಂದ ಹೊರಬಂದರು ಎಂದು ವಿಶ್ವ ಬ್ಯಾಂಕ್ ಲೆಕ್ಕ ಹಾಕಿದೆ. ಅದರಲ್ಲಿ ರಫ್ತಿನ ಪಾಲು ದೊಡ್ಡದು. ಮನುಷ್ಯರ ಇತಿಹಾಸದಲ್ಲಿ ಇಷ್ಟು ಜನ ಇಷ್ಟು ಬೇಗ ಹಸಿವಿನಿಂದ ಪಾರಾದದ್ದು ಇನ್ನೊಮ್ಮೆ ಇಲ್ಲ. ಮುಕ್ತ ವ್ಯಾಪಾರವನ್ನು ಬಾಯಿಗೆ ಬಂದಂತೆ ಬೈಯುವವರು ಈ ಮಾತನ್ನು ಹಾರಿಸಿಬಿಡುತ್ತಾರೆ. ಅದು ನನಗೆ ನೋವು ತರುತ್ತದೆ.

ಅಷ್ಟೇ ನೋವಿನ ಸಂಗತಿ ಸಮುದ್ರದ ಆಚೆ ಆಯಿತು. ಡೇವಿಡ್ ಆಟರ್, ಡೇವಿಡ್ ಡಾರ್ನ್, ಗೋರ್ಡನ್ ಹ್ಯಾನ್ಸನ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಅಮೆರಿಕದ ಊರೂರಿನ ಉದ್ಯೋಗದ ಅಂಕಿ ಅಂಶ ಹಿಡಿದು ಕೂತರು. ಚೀನಾದ ಸರಕಿನ ಜೊತೆ ನೇರ ಪೈಪೋಟಿ ಇದ್ದ ಕಾರ್ಖಾನೆಗಳ ಊರುಗಳಲ್ಲಿ ಕೆಲಸ ಹೋಯಿತು, ಹೋದದ್ದು ವಾಪಸ್ ಬರಲಿಲ್ಲ. ಜನ ಬೇರೆ ಊರಿಗೆ ಹೋಗಿ ಬೇರೆ ಕೆಲಸ ಹಿಡಿಯುತ್ತಾರೆ ಅಂದುಕೊಂಡಿದ್ದರಲ್ಲ, ಹೆಚ್ಚಿನವರು ಹೋಗಲಿಲ್ಲ. ಅಂಗವೈಕಲ್ಯ ಪಿಂಚಣಿ ಕೇಳುವವರ ಸಂಖ್ಯೆ ಏರಿತು. ಆಟರ್ ಮತ್ತು ಡಾರನ್ ಅಸೆಮೊಗ್ಲು ಅವರಿದ್ದ ತಂಡದ ಇನ್ನೊಂದು ಅಂದಾಜಿನ ಪ್ರಕಾರ 1999ರಿಂದ 2011ರವರೆಗೆ 20ರಿಂದ 24 ಲಕ್ಷ ಉದ್ಯೋಗ ಹೋಗಿವೆ. ಅಷ್ಟು ದೊಡ್ಡ ಆರ್ಥಿಕತೆಯಲ್ಲಿ ಅದು ಸಣ್ಣ ಸಂಖ್ಯೆ ಅನ್ನಬಹುದು. ಆದರೆ ಅದು ದೇಶದ ತುಂಬ ಹರಡಿರಲಿಲ್ಲ. ಕೆಲವೇ ಊರುಗಳ ಮೇಲೆ ಒಟ್ಟಿಗೆ ಬಿತ್ತು. ಕಾರ್ಖಾನೆ ಮುಚ್ಚಿದರೆ ಅದನ್ನು ನಂಬಿಕೊಂಡ ಅಂಗಡಿ ಮುಚ್ಚುತ್ತದೆ, ಮನೆಗಳ ಬೆಲೆ ಇಳಿಯುತ್ತದೆ, ಶಾಲೆಗೆ ಬರುವ ತೆರಿಗೆ ಇಳಿಯುತ್ತದೆ.

ಅವರಿಗೆ ಪರಿಹಾರದ ಮಾತು ಕೊಟ್ಟಿರಲಿಲ್ಲವೇ? ಕೊಟ್ಟಿದ್ದರು. 1962ರಲ್ಲಿ ಕೆನಡಿ ಸರ್ಕಾರ ಸುಂಕ ಇಳಿಸುವ ಕಾನೂನು ತಂದಾಗಲೇ, ಆಮದಿನಿಂದ ಕೆಲಸ ಕಳೆದುಕೊಂಡವರಿಗೆ ಭತ್ಯೆ ಮತ್ತು ತರಬೇತಿ ಕೊಡುವ ಯೋಜನೆಯನ್ನೂ ಸೇರಿಸಿತು. ನಿಯಮಗಳು ಎಷ್ಟು ಬಿಗಿಯಾಗಿದ್ದವೆಂದರೆ 1969ರವರೆಗೆ ಒಬ್ಬ ಕಾರ್ಮಿಕನ ಅರ್ಜಿಯೂ ಮಂಜೂರಾಗಲಿಲ್ಲ. ಆಮೇಲೆ ಸಡಿಲ ಮಾಡಿದರು, ಮತ್ತೆ ಬಿಗಿ ಮಾಡಿದರು. 2022ರ ಜುಲೈನಲ್ಲಿ ಅದರ ಅವಧಿ ಮುಗಿಯಿತು. ಸಂಸತ್ತು ನವೀಕರಿಸಲಿಲ್ಲ. ಮುಕ್ತ ವ್ಯಾಪಾರದ ಮೇಲೆ ಜನರಿಗೆ ಸಿಟ್ಟು ಯಾಕೆ ಬಂತು ಅಂತ ಕೇಳುವವರಿಗೆ ನಾನು ತೋರಿಸುವುದು ಇದನ್ನೇ. ವ್ಯಾಪಾರದ ಲಾಭ ಎಲ್ಲರಿಗೂ ಹಂಚಿಹೋಯಿತು, ನಷ್ಟ ಕೆಲವೇ ಊರುಗಳಲ್ಲಿ ಉಳಿಯಿತು, ನಷ್ಟ ತುಂಬುವ ಮಾತು ಕಾಗದದಲ್ಲಿ ಉಳಿಯಿತು.

ಹಾಗಾದರೆ ಸುಂಕ ಹಾಕಿ ಆ ಕೆಲಸಗಳನ್ನು ವಾಪಸ್ ತರಬಹುದಲ್ವಾ? 2018ರಲ್ಲಿ ಅಮೆರಿಕ ಬಟ್ಟೆ ಒಗೆಯುವ ಯಂತ್ರಗಳ ಆಮದಿನ ಮೇಲೆ ಸುಂಕ ಹಾಕಿತು. ಇದನ್ನು ಚೆನ್ನಾಗಿ ಅಧ್ಯಯನ ಮಾಡಿದ್ದಾರೆ. ಯಂತ್ರದ ಬೆಲೆ ಸುಮಾರು ಶೇ. 12 ಏರಿತು. ವಿಚಿತ್ರ ಏನೆಂದರೆ ಬಟ್ಟೆ ಒಣಗಿಸುವ ಯಂತ್ರದ ಬೆಲೆಯೂ ಅಷ್ಟೇ ಏರಿತು. ಅದರ ಮೇಲೆ ಸುಂಕವೇ ಇರಲಿಲ್ಲ! ಅಲ್ಲಿ ಎರಡನ್ನೂ ಜೋಡಿಯಾಗಿ ಕೊಳ್ಳುತ್ತಾರೆ, ಕಂಪನಿಗಳು ಏರಿಕೆಯನ್ನು ಎರಡರ ಮೇಲೂ ಹಂಚಿದವು. ದೇಶದೊಳಗೆ ತಯಾರಾದ ಯಂತ್ರಗಳ ಬೆಲೆಯೂ ಏರಿತು, ಪೈಪೋಟಿ ಕಡಿಮೆ ಆಯಿತಲ್ಲ. ಕೊಳ್ಳುವವರಿಗೆ ವರ್ಷಕ್ಕೆ 150 ಕೋಟಿ ಡಾಲರ್ ಹೊರೆ. ಹುಟ್ಟಿದ ಕೆಲಸ ಸುಮಾರು 1,800. ಒಂದು ಕೆಲಸಕ್ಕೆ ಎಂಟು ಲಕ್ಷ ಡಾಲರಿಗೂ ಜಾಸ್ತಿ ಬಿತ್ತು. ಆ 1,800 ಜನರಿಗೆ ಬಂದ ಸಂಬಳ ನಿಜ, ಅವರ ಮನೆಯ ಸಂತೋಷ ನಿಜ. ಆದರೆ ಸುಂಕವನ್ನು ಹೊರದೇಶದವನು ಕಟ್ಟುತ್ತಾನೆ ಅನ್ನುವ ಮಾತು ಮಾತ್ರ ನಿಜ ಅಲ್ಲ. ಬಂದರಿನಲ್ಲಿ ಹಣ ಕಟ್ಟುವವನು ಆಮದುದಾರ. ಅವನು ಅದನ್ನು ಅಂಗಡಿಗೆ ದಾಟಿಸುತ್ತಾನೆ, ಅಂಗಡಿಯವನು ಗ್ರಾಹಕನಿಗೆ.

ಈ ಗ್ರಾಹಕ ಯಾಕೆ ಬೀದಿಗಿಳಿಯುವುದಿಲ್ಲ? ಅವನ ಪಾಲಿಗೆ ಬೀಳುವುದು ವರ್ಷಕ್ಕೆ ಸ್ವಲ್ಪ ಹಣ. ಅದಕ್ಕಾಗಿ ಯಾರೂ ಸಂಘ ಕಟ್ಟುವುದಿಲ್ಲ. ಲಾಭ ಪಡೆಯುವ ಕಂಪನಿಗೆ ಅದು ಕೋಟಿಗಟ್ಟಲೆ. ಅವರು ವಕೀಲರನ್ನು ಇಟ್ಟುಕೊಂಡು ರಾಜಧಾನಿಯಲ್ಲೇ ಕೂರುತ್ತಾರೆ. ಅಮೆರಿಕದ ಹತ್ತಿ ಸಬ್ಸಿಡಿಯ ವಿರುದ್ಧ ಬ್ರೆಜಿಲ್ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಗೆದ್ದಿತು. ಅಮೆರಿಕ ಏನು ಮಾಡಿತು ಗೊತ್ತಾ? ತನ್ನ ರೈತರ ಸಬ್ಸಿಡಿ ನಿಲ್ಲಿಸುವ ಬದಲು 2010ರಿಂದ ಬ್ರೆಜಿಲ್‌ನ ಹತ್ತಿ ಬೆಳೆಗಾರರಿಗೇ ವರ್ಷಕ್ಕೆ 14.7 ಕೋಟಿ ಡಾಲರ್ ಕೊಡಲು ಒಪ್ಪಿತು. ಇದೇ ಹತ್ತಿಯನ್ನು ಬೆಳೆಯುವ ಬೆನಿನ್, ಬುರ್ಕಿನಾ ಫಾಸೊ, ಚಾಡ್, ಮಾಲಿ ದೇಶಗಳ ರೈತರು ವರ್ಷಗಳಿಂದ ಅದೇ ದೂರು ಹೇಳುತ್ತಿದ್ದರು. ಕೇಸ್ ನಡೆಸುವ ಶಕ್ತಿ ಅವರಿಗೆ ಇರಲಿಲ್ಲ. ಅವರಿಗೆ ಆ ಹಣದಲ್ಲಿ ನೇರ ಪಾಲೂ ಇರಲಿಲ್ಲ.

ಒಂದು ಕಾಲದಲ್ಲಿ ಮುಕ್ತ ವ್ಯಾಪಾರ ಬಡವರ ಪರ ಘೋಷಣೆ ಆಗಿತ್ತು ಅನ್ನುವುದನ್ನು ಇವತ್ತು ನಂಬುವುದು ಕಷ್ಟ. 1815ರಲ್ಲಿ ಬ್ರಿಟನ್ ಧಾನ್ಯದ ಕಾನೂನು ತಂದಿತು. ದೇಶದ ಗೋಧಿಯ ಬೆಲೆ ಕ್ವಾರ್ಟರ್ ಎಂಬ ಹಳೆಯ ಅಳತೆಗೆ 80 ಶಿಲಿಂಗ್ ಮುಟ್ಟುವವರೆಗೆ ಹೊರಗಿನ ಗೋಧಿ ಒಳಗೆ ಬರುವಂತಿಲ್ಲ. ಜಮೀನ್ದಾರರಿಗೆ ಹಬ್ಬ, ಕೂಲಿಯವನ ರೊಟ್ಟಿ ದುಬಾರಿ. ಅದನ್ನು ಮಾಡಿದ ಸಂಸತ್ತಿನಲ್ಲಿ ತುಂಬಿದ್ದವರು ಜಮೀನ್ದಾರರೇ. ರಿಚರ್ಡ್ ಕಾಬ್ಡೆನ್, ಜಾನ್ ಬ್ರೈಟ್ ಮುಂತಾದವರು ವರ್ಷಗಟ್ಟಲೆ ಹೋರಾಡಿದ ಮೇಲೆ, ಐರ್ಲೆಂಡಿನಲ್ಲಿ ಆಲೂಗಡ್ಡೆ ಕೊಳೆತು ಜನ ಸಾಯುತ್ತಿದ್ದಾಗ, 1846ರಲ್ಲಿ ಪ್ರಧಾನಿ ರಾಬರ್ಟ್ ಪೀಲ್ ಅದನ್ನು ರದ್ದು ಮಾಡಿದರು. ಅವರ ಪಕ್ಷವೇ ಒಡೆಯಿತು. ಹಸಿದವನ ರೊಟ್ಟಿಗೆ ಸುಂಕ ಹಾಕುವುದು ಅನ್ಯಾಯ ಅನ್ನುವುದು ಅವತ್ತಿನಷ್ಟೇ ಇವತ್ತೂ ನಿಜ.

ಆದರೆ ಅದೇ ಬ್ರಿಟನ್ನಿನ ಹತ್ತಿ ಬಟ್ಟೆಯ ಕಥೆ ಬೇರೆ. 1700ರ ಕಾನೂನು ಭಾರತ, ಪರ್ಷಿಯಾ, ಚೀನಾಗಳ ಅಚ್ಚು ಹಾಕಿದ ಹತ್ತಿ ಬಟ್ಟೆಯನ್ನು ತಡೆಯಿತು. 1721ರ ಕಾನೂನು ಅಂಥ ಹೆಚ್ಚಿನ ಬಟ್ಟೆಗಳನ್ನು ಉಡುವುದನ್ನೇ ನಿಷೇಧಿಸಿತು. ಆ ಗೋಡೆಯ ಹಿಂದೆ ಇಂಗ್ಲೆಂಡಿನ ಹತ್ತಿ ಗಿರಣಿಗಳ ಸೀಮೆ ಲ್ಯಾಂಕಷೈರ್ ಬೆಳೆಯಿತು. ಬೆಳೆದು ಜಗತ್ತನ್ನೇ ಗೆಲ್ಲುವಷ್ಟಾದ ಮೇಲೆ ಮುಕ್ತ ವ್ಯಾಪಾರದ ಪಾಠ ಶುರುವಾಯಿತು. 1896ರಲ್ಲಿ ಭಾರತಕ್ಕೆ ಬರುವ ಬಟ್ಟೆಗೆ ಶೇ. 3.5 ಸುಂಕ ಇಟ್ಟಾಗ ಭಾರತದ ಗಿರಣಿಗಳ ಬಟ್ಟೆಗೂ ಶೇ. 3.5 ಅಬಕಾರಿ ತೆರಿಗೆ ಹಾಕಿದರು. ನಮ್ಮವರಿಗೆ ಅಷ್ಟೂ ರಕ್ಷಣೆ ಸಿಗಬಾರದು ಅಂತ! ಮುಕ್ತ ವ್ಯಾಪಾರವನ್ನು ಒಬ್ಬರು ಇನ್ನೊಬ್ಬರ ಮೇಲೆ ಹೇರಿದರೆ ಅದು ಮುಕ್ತ ಹೇಗಾಗುತ್ತದೆ? ಅಮೆರಿಕವೂ ಹೀಗೇ ಬೆಳೆಯಿತು. 1791ರಲ್ಲೇ ಅಲ್ಲಿನ ಖಜಾನೆ ಮಂತ್ರಿ ಅಲೆಕ್ಸಾಂಡರ್ ಹ್ಯಾಮಿಲ್ಟನ್, ಎಳೆಯ ಉದ್ಯಮಗಳಿಗೆ ಸರ್ಕಾರದ ಆಸರೆ ಬೇಕು ಎಂದು ವರದಿ ಬರೆದರು. ಮುಂದೆ 19ನೇ ಶತಮಾನದ ಬಹುಪಾಲು ಆ ದೇಶ ದೊಡ್ಡ ಸುಂಕಗಳ ಹಿಂದೆಯೇ ಇತ್ತು.

ಹಾಗಾಗಿ ಬಡ ದೇಶಗಳು ತಮ್ಮ ಉದ್ಯಮವನ್ನು ಸ್ವಲ್ಪ ಕಾಲ ಕಾಪಾಡಿಕೊಳ್ಳುವುದು ತಪ್ಪು ಅಂತ ನಾನು ಹೇಳಲಾರೆ. ಪ್ರಶ್ನೆ ಇರುವುದು ಹೇಗೆ ಅನ್ನುವುದರಲ್ಲಿ. ದಕ್ಷಿಣ ಕೊರಿಯಾ ಹೊರಗಿನ ಕಾರುಗಳಿಗೆ ಬಾಗಿಲು ಮುಚ್ಚಿತು. ಜೊತೆಗೆ ತನ್ನ ಕಂಪನಿಗಳಿಗೆ ಅಗ್ಗದ ಸಾಲ ಕೊಟ್ಟು, ರಫ್ತಿನ ಗುರಿ ಇಟ್ಟಿತು. ಅಧ್ಯಕ್ಷ ಪಾರ್ಕ್ ಚುಂಗ್ ಹೀ ತಿಂಗಳು ತಿಂಗಳು ರಫ್ತಿನ ಸಭೆಯಲ್ಲಿ ಖುದ್ದು ಕೂತು ಲೆಕ್ಕ ಕೇಳುತ್ತಿದ್ದರು. ಹ್ಯುಂಡೈ 1975ರಲ್ಲಿ ಪೋನಿ ಕಾರು ತಯಾರಿಸಿತು. ಮರುವರ್ಷವೇ ಅದು ಈಕ್ವೆಡಾರ್‌ಗೆ ಹೋಯಿತು. 1986ರಲ್ಲಿ ಕಂಪನಿ ಅಮೆರಿಕದಲ್ಲಿ ಕಾರು ಮಾರತೊಡಗಿತು. ಒಳಗೆ ರಕ್ಷಣೆ, ಹೊರಗೆ ಪರೀಕ್ಷೆ. ಪರಕೀಯರ ಮುಂದೆ ಮಾರಾಟ ಆಗದ ಸರಕನ್ನು ದೇಶಾಭಿಮಾನದ ಹೆಸರಲ್ಲಿ ಸಾಗಹಾಕುವ ಅವಕಾಶ ಕಡಿಮೆ ಇತ್ತು. ಇದಕ್ಕೂ ಬೆಲೆ ತೆತ್ತವರು ಇದ್ದಾರೆ. ಕಡಿಮೆ ಕೂಲಿಗೆ ದುಡಿದ, ಸಂಘ ಕಟ್ಟಲು ಬಿಡದೆ ಹತ್ತಿಕ್ಕಿದ ಕೊರಿಯಾದ ಕಾರ್ಮಿಕರು ಅವರು.

ಬ್ರೆಜಿಲ್ 1984ರಲ್ಲಿ ಸಣ್ಣ ಕಂಪ್ಯೂಟರುಗಳ ಮಾರುಕಟ್ಟೆಯನ್ನು ಸ್ವದೇಶಿ ಕಂಪನಿಗಳಿಗೇ ಮೀಸಲಿಡುವ ಕಾನೂನು ಮಾಡಿತು. ಹೊರಗೆ ಮಾರಿ ತೋರಿಸಿ ಅನ್ನುವ ಒತ್ತಾಯ ಇರಲಿಲ್ಲ. ಯಂತ್ರಗಳು ದುಬಾರಿಯಾದವು, ಹೊರಗಿನವಕ್ಕಿಂತ ಹಳೆಯವಾದವು, ಕಳ್ಳಸಾಗಣೆ ಬೆಳೆಯಿತು. 1990ರ ದಶಕದ ಆರಂಭದಲ್ಲಿ ಅದನ್ನು ಕೈಬಿಟ್ಟರು. ಅಷ್ಟರಲ್ಲಿ ಅಲ್ಲಿನ ಆಫೀಸು, ಕಾರ್ಖಾನೆ, ಕಾಲೇಜುಗಳು ವರ್ಷಗಟ್ಟಲೆ ಹಿಂದೆ ಬಿದ್ದಿದ್ದವು.

ಬಾಗಿಲನ್ನು ತಪ್ಪು ಹೊತ್ತಿನಲ್ಲಿ ತೆರೆದರೂ ಅಷ್ಟೇ ಕೆಟ್ಟದ್ದಾಗುತ್ತದೆ. ಹೈಟಿ 1990ರ ದಶಕದಲ್ಲಿ ಅಕ್ಕಿಯ ಆಮದು ಸುಂಕವನ್ನು ಶೇ. 3ಕ್ಕೆ ಇಳಿಸಿತು. ಇಳಿಸುವಂತೆ ಒತ್ತಾಯ ಇತ್ತು. ಅಮೆರಿಕದ ಸಬ್ಸಿಡಿ ಅಕ್ಕಿ ನುಗ್ಗಿತು. ಹೈಟಿಯ ರೈತ ಗದ್ದೆ ಬಿಟ್ಟ. 2010ರಲ್ಲಿ ಬಿಲ್ ಕ್ಲಿಂಟನ್ ಸೆನೆಟ್ ಸಮಿತಿಯ ಮುಂದೆ, ಇದು ಅರ್ಕಾನ್ಸಾದ ತಮ್ಮ ಕೆಲವು ರೈತರಿಗೆ ಒಳ್ಳೆಯದಾಗಿರಬಹುದು, ಆದರೆ ಹೈಟಿ ತನ್ನ ಜನರಿಗೆ ಅನ್ನ ಬೆಳೆಯುವ ಶಕ್ತಿ ಕಳೆದುಕೊಂಡಿತು, ಅದು ತಪ್ಪು ಎಂದು ಒಪ್ಪಿಕೊಂಡರು. ಒಂದು ಕಡೆ ಸಬ್ಸಿಡಿ, ಇನ್ನೊಂದು ಕಡೆ ಬರೀ ಶೇ. 3 ಸುಂಕ. ಇದನ್ನು ಮುಕ್ತ ವ್ಯಾಪಾರ ಅಂತ ಕರೆಯಲು ನನಗೆ ಮನಸ್ಸಿಲ್ಲ.

ಎಲ್ಲರೂ ಒಟ್ಟಿಗೆ ಗೋಡೆ ಕಟ್ಟಿದರೆ ಏನಾಗುತ್ತದೆ ಅನ್ನುವುದನ್ನು ಜಗತ್ತು 1930ರಲ್ಲಿ ನೋಡಿದೆ. ಸಾವಿರಕ್ಕೂ ಹೆಚ್ಚು ಅರ್ಥಶಾಸ್ತ್ರಜ್ಞರು ಸಹಿ ಹಾಕಬೇಡಿ ಎಂದು ಬರೆದರೂ ಅಮೆರಿಕದ ಅಧ್ಯಕ್ಷ ಹೂವರ್, ಆಮದು ಸುಂಕ ಏರಿಸುವ ಸ್ಮೂಟ್-ಹಾಲಿ ಕಾಯ್ದೆಗೆ ಸಹಿ ಹಾಕಿದರು. ಮೊಟ್ಟೆಯ ಸುಂಕ ಡಜನ್ನಿಗೆ 8 ಸೆಂಟಿನಿಂದ 10 ಸೆಂಟಾಯಿತು. ಕೆನಡಾ ತನ್ನ 3 ಸೆಂಟಿನ ಸುಂಕವನ್ನು 10ಕ್ಕೆ ಏರಿಸಿತು. ಅಮೆರಿಕದಿಂದ ಕೆನಡಾಕ್ಕೆ 1929ರಲ್ಲಿ 9 ಲಕ್ಷ ಡಜನ್ನಿಗೂ ಹೆಚ್ಚು ಮೊಟ್ಟೆ ಹೋಗುತ್ತಿತ್ತು. 1932ರಲ್ಲಿ ಅದು 8 ಸಾವಿರ ಡಜನ್ನನ್ನೂ ಮುಟ್ಟಲಿಲ್ಲ. ಆ ಕಾಲದ ಆರ್ಥಿಕ ಮಹಾ ಕುಸಿತಕ್ಕೆ ಈ ಕಾಯ್ದೆಯೇ ಕಾರಣ ಅನ್ನುವುದು ಸರಿಯಲ್ಲ, ಅದು ಮೊದಲೇ ಶುರುವಾಗಿತ್ತು. ಆದರೆ ಬಿದ್ದವರು ಏಳದಂತೆ ಇದು ತಡೆಯಿತು. ಆ ನೆನಪಿನಲ್ಲೇ 1947ರಲ್ಲಿ 23 ದೇಶಗಳು ಜಿನೀವಾದಲ್ಲಿ ಕೂತು ಸುಂಕ ಮತ್ತು ವ್ಯಾಪಾರದ ಬಗ್ಗೆ ಗ್ಯಾಟ್ ಒಪ್ಪಂದ ಮಾಡಿಕೊಂಡವು. 1995ರಲ್ಲಿ ಅದು ವಿಶ್ವ ವ್ಯಾಪಾರ ಸಂಸ್ಥೆ ಆಯಿತು.

ಆ ಸಂಸ್ಥೆಯ ಬಗ್ಗೆ ನೂರು ದೂರು ಇರಬಹುದು. ಆದರೆ ಅದರಲ್ಲಿ ಒಂದು ಅಮೂಲ್ಯ ಸಂಗತಿ ಇತ್ತು. ಸಣ್ಣ ದೇಶ ದೊಡ್ಡ ದೇಶವನ್ನು ಕಟಕಟೆಗೆ ಎಳೆಯಬಹುದಿತ್ತು. 1997ರಲ್ಲಿ ಕೋಸ್ಟರಿಕಾ ಹತ್ತಿಯ ಒಳಉಡುಪಿನ ಮೇಲಿನ ನಿರ್ಬಂಧದ ವಿಷಯದಲ್ಲಿ ಅಮೆರಿಕವನ್ನೇ ಮೇಲ್ಮನವಿಯಲ್ಲಿ ಸೋಲಿಸಿತು. ಈಗ ಆ ಮೇಲ್ಮನವಿ ಪೀಠ ಖಾಲಿ. ಹೊಸ ಸದಸ್ಯರ ನೇಮಕಕ್ಕೆ ಅಮೆರಿಕ ಒಪ್ಪದೆ ಇದ್ದುದರಿಂದ 2019ರ ಡಿಸೆಂಬರಿನಿಂದ ಅದು ಕೆಲಸ ಮಾಡುತ್ತಿಲ್ಲ. ಕೆಳಗಿನ ಹಂತದಲ್ಲಿ ಸೋತವರು ಖಾಲಿ ಪೀಠಕ್ಕೆ ಮೇಲ್ಮನವಿ ಹಾಕಿದರೆ ಸಾಕು, ತೀರ್ಪು ಅಲ್ಲೇ ನಿಲ್ಲುತ್ತದೆ. ಸಕ್ಕರೆ ಸಬ್ಸಿಡಿಯ ಪ್ರಕರಣದಲ್ಲಿ 2021ರ ಡಿಸೆಂಬರಿನಲ್ಲಿ ಭಾರತವೂ ಹೀಗೇ ಮಾಡಿತು. ನಮ್ಮ ದೇಶ ಅಂತ ಅದನ್ನು ಮುಚ್ಚಿಡಲು ನನಗೆ ಇಷ್ಟವಿಲ್ಲ.

2025ರ ಏಪ್ರಿಲ್ 2ರಂದು ಅಮೆರಿಕ ಜಗತ್ತಿನ ಬಹುತೇಕ ದೇಶಗಳಿಗೆ ಹೊಸ ಸುಂಕ ಘೋಷಿಸಿತು. ಪಟ್ಟಿಯಲ್ಲಿ ಅತಿ ಹೆಚ್ಚು, ಶೇ. 50, ಬಿದ್ದವರಲ್ಲಿ ಲೆಸೋಥೊ ಒಂದು. ದಕ್ಷಿಣ ಆಫ್ರಿಕಾದ ನಡುವೆ ಇರುವ, ಸುಮಾರು 23 ಲಕ್ಷ ಜನರ ಬಡ ದೇಶ. ಅಮೆರಿಕಕ್ಕೆ ಜೀನ್ಸ್ ಹೊಲಿದು ಕಳಿಸುತ್ತದೆ. ಅದಕ್ಕೆ 2000ದಲ್ಲಿ ಸುಂಕ ವಿನಾಯಿತಿ ಕೊಟ್ಟು ಪ್ರೋತ್ಸಾಹಿಸಿದ್ದೂ ಅಮೆರಿಕವೇ. ಈ ಶೇ. 50 ಬಂದದ್ದು ಒಂದು ಸರಳ ಲೆಕ್ಕದಿಂದ. ಆ ದೇಶದ ಜೊತೆಗಿನ ವ್ಯಾಪಾರ ಕೊರತೆಯನ್ನು ಅಲ್ಲಿಂದ ಬರುವ ಆಮದಿನಿಂದ ಭಾಗಿಸು, ಬಂದದ್ದರಲ್ಲಿ ಅರ್ಧ ಮಾಡು. ಲೆಸೋಥೊದ ಜನ ಅಮೆರಿಕದಿಂದ ಹೆಚ್ಚೇನೂ ಕೊಳ್ಳುವುದಿಲ್ಲ. ಕೊಳ್ಳಲು ಅವರ ಹತ್ತಿರ ದುಡ್ಡಿಲ್ಲ. ಕೊಳ್ಳದ್ದರಿಂದ ಕೊರತೆ ಜಾಸ್ತಿ, ಕೊರತೆ ಜಾಸ್ತಿ ಆದ್ದರಿಂದ ಸುಂಕ ಜಾಸ್ತಿ. ಬಡತನಕ್ಕೇ ದಂಡ ಹಾಕಿದಂತಾಯಿತು. ಜುಲೈ ಮುಗಿಯುವ ಹೊತ್ತಿಗೆ ಅದನ್ನು ಶೇ. 15ಕ್ಕೆ ಇಳಿಸಿದರು. ಅಷ್ಟರಲ್ಲಿ ಆರ್ಡರುಗಳು ನಿಂತು, ಹೊಲಿಗೆಯವರಿಗೆ ಕೆಲಸ ತಪ್ಪಿತ್ತು. ನಿರುದ್ಯೋಗದ ಕಾರಣಕ್ಕೆ ಅಲ್ಲಿನ ಸರ್ಕಾರ ರಾಷ್ಟ್ರೀಯ ವಿಪತ್ತು ಘೋಷಿಸಿತ್ತು.

ಆ ಕಾರ್ಖಾನೆಗಳಲ್ಲಿ ದುಡಿಯುವವರು ಹೆಚ್ಚಾಗಿ ಹೆಂಗಸರು. ಸುಂಕ ಎಷ್ಟಿರಬೇಕು ಅನ್ನುವ ವಾದದಲ್ಲಿ ನನಗೂ ನಿಮಗೂ ಭಿನ್ನಾಭಿಪ್ರಾಯ ಇರಬಹುದು. ಆದರೆ ಮೊದಲು ಆ ಖಾಲಿ ಪೀಠದ ಕುರ್ಚಿಗಳು ತುಂಬಬೇಕು. ಕೋಸ್ಟರಿಕಾಕ್ಕೆ 1997ರಲ್ಲಿ ಇದ್ದ ದಾರಿ ಇವತ್ತು ಲೆಸೋಥೊಗೂ ಇರಬೇಕಿತ್ತು.